ಊಟದ ಹೊತ್ತು, ದೀಪದ ಹೊತ್ತು, ನಿದ್ದೆಯ ಹೊತ್ತು



ಮನೆಯಲ್ಲಿ ಮಕ್ಕಳು ಮೊಬೈಲು, ಟಿವಿ ಮುಂದೆ ಕೂರುವ ಹೊತ್ತನ್ನು ತಗ್ಗಿಸುವುದು ಹೇಗೆ? ಇವತ್ತಿನ ಮಾತು ಇದರ ಬಗ್ಗೆ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಆದ್ದರಿಂದ ಅಂಗನವಾಡಿಯಿಂದ ಐದನೇ ತರಗತಿವರೆಗಿನ ಮಕ್ಕಳನ್ನೇ ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ದೊಡ್ಡ ಮಕ್ಕಳ ವಿಷಯ ಕೊನೆಗೆ ಸ್ವಲ್ಪ ಬರುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಈ ವಿಷಯ ಬಂದ ಕೂಡಲೇ ಎಲ್ಲರೂ ತಾಯಿಯ ಕಡೆ ಬೆರಳು ತೋರಿಸುತ್ತಾರೆ. ಅದು ಅನ್ಯಾಯ. ನಸುಕಿನಲ್ಲೇ ಎದ್ದು, ತಿಂಡಿ, ಅಡುಗೆ ಎರಡನ್ನೂ ಮುಗಿಸಿ, ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದ ಹೆಂಗಸು ಮಗುವಿನ ಕೈಗೆ ಹತ್ತು ನಿಮಿಷ ಫೋನು ಕೊಡುತ್ತಾಳೆ. ಅದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಹತ್ತು ನಿಮಿಷ ಮಗುವನ್ನು ಹಿಡಿದುಕೊಳ್ಳಲು ಮನೆಯಲ್ಲಿ ಇನ್ನೊಂದು ಕೈ ಇಲ್ಲ. ಮೊದಲು ಅಂಗಳವಿತ್ತು. ಪಕ್ಕದ ಮನೆಯ ಅಕ್ಕ ಇದ್ದಳು. ಜಗಲಿಯ ಮೇಲೆ ತಾತ ಇದ್ದರು. ಬಾಡಿಗೆಯ ಒಂದೇ ಕೋಣೆಯಲ್ಲಿ ಅವರ್ಯಾರೂ ಇಲ್ಲ, ಫೋನು ಇದೆ. ಹಾಗಾಗಿ ಈ ಮಾತು ಮನೆಯಲ್ಲಿರುವ ಎಲ್ಲರಿಗೂ. ಅಪ್ಪ, ಅಜ್ಜಿ, ತಾತ, ಚಿಕ್ಕಪ್ಪ, ಎಲ್ಲರೂ ಸ್ವಲ್ಪ ರೇಡಿಯೊ ಹತ್ತಿರ ಬನ್ನಿ.

ಎಷ್ಟು ಹೊತ್ತು ನೋಡಿದರೆ ಪರವಾಗಿಲ್ಲ ಎಂದು ಪೋಷಕರು ಕೇಳುತ್ತಾರೆ. ಅದಕ್ಕೆ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಲಹೆ ಹೊರಡಿಸಿತು. 2 ವರ್ಷ ತುಂಬುವವರೆಗೆ ಮೊಬೈಲು, ಟಿವಿ ಬೇಡವೇ ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ ಇರಲಿ ಎಂದೂ ಅದು ಸೇರಿಸುತ್ತದೆ. ದೂರದಲ್ಲಿರುವ ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಮಾಡಬಹುದು. ಹಾಸನದಲ್ಲಿರುವ ಅಜ್ಜಿ ಅಮೆರಿಕದಲ್ಲಿರುವ ಮೊಮ್ಮಗನಿಗೆ ಫೋನಿನಲ್ಲೇ ಕೈಬೀಸಿ ಮಾತಾಡಿಸಿದರೆ ತಪ್ಪಿಲ್ಲ. ಅಲ್ಲಿ ಮಗು ನಕ್ಕರೆ ಇಲ್ಲಿ ಅಜ್ಜಿ ನಗುತ್ತಾರೆ. ಮಗು ಕೇಳಿದ್ದಕ್ಕೆ ಉತ್ತರ ಬರುತ್ತದೆ.

ಆ ಉತ್ತರ ಬರುವುದೇ ದೊಡ್ಡ ಸಂಗತಿ. ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರಿಷಿಯಾ ಕೂಲ್ ಎಂಬ ವಿಜ್ಞಾನಿ ಮಾಡಿದ ಒಂದು ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳುತ್ತಿದ್ದ, 9 ತಿಂಗಳ ಆಸುಪಾಸಿನ ಕೂಸುಗಳು. ಕೆಲವು ಕೂಸುಗಳ ಜೊತೆ ಚೀನೀ ಭಾಷೆಯವರು ಎದುರಿಗೇ ಕೂತು ಆಟಿಕೆ ಆಡಿಸುತ್ತಾ, ಪುಸ್ತಕ ತೋರಿಸುತ್ತಾ ಮಾತಾಡಿದರು. ಇನ್ನು ಕೆಲವು ಕೂಸುಗಳಿಗೆ ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಲಾಯಿತು. ಸುಮಾರು ನಾಲ್ಕು ವಾರ ನಡೆಯಿತು. ಎದುರಿಗೆ ಕೂತು ಆಡಿದ ಕೂಸುಗಳಿಗೆ ಚೀನೀ ಭಾಷೆಯ ಸೂಕ್ಷ್ಮ ಧ್ವನಿಗಳ ವ್ಯತ್ಯಾಸ ಗೊತ್ತಾಗತೊಡಗಿತು. ವಿಡಿಯೊ ನೋಡಿದ ಕೂಸುಗಳಿಗೆ ಏನೂ ಹತ್ತಲಿಲ್ಲ. ಅದೇ ಮಾತು, ಅಷ್ಟೇ ಹೊತ್ತು. ಆದರೆ ವಿಡಿಯೊ ಕೂಸಿನ ಕಣ್ಣು ಎತ್ತ ಹೋಯಿತು ಎಂದು ನೋಡುವುದಿಲ್ಲ. ಅದು ಬೆರಳು ಚಾಚಿದ್ದು ಯಾವುದಕ್ಕೆ ಎಂದು ಕೇಳುವುದಿಲ್ಲ. 'ಮೊಬೈಲಿನಿಂದ ನಮ್ಮ ಮಗು ಬೇಗ ಮಾತು ಕಲಿಯುತ್ತೆ' ಎಂದು ನಂಬಿರುವ ಮನೆಯವರು ಈ ಸಂಗತಿಯನ್ನು ಗಮನಿಸಬೇಕು.

ಹಾಗಾದರೆ ಇದುವರೆಗೆ ಹೇಳಿದ್ದು ಎರಡು. ತಾಯಿಯೊಬ್ಬಳ ತಲೆಗೆ ಇದನ್ನು ಕಟ್ಟಬಾರದು. ಮತ್ತು ವೈದ್ಯರು ಹೇಳಿದ ಗಂಟೆಯ ಲೆಕ್ಕ ಒಂದಿದೆ.

ಆದರೆ ಗಂಟೆಯ ಲೆಕ್ಕ ಮನೆಯಲ್ಲಿ ನಿಲ್ಲುವುದು ಕಷ್ಟ. ನೀವೇ ನೋಡಿದ್ದೀರಿ. ಬೆಳಗ್ಗೆ ಹಲ್ಲುಜ್ಜುವಾಗ ಅಪ್ಪನ ಫೋನಿನಲ್ಲಿ ಹತ್ತು ನಿಮಿಷ. ತಲೆ ಬಾಚುವಾಗ ಅಮ್ಮನ ಫೋನಿನಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಅಜ್ಜಿಯ ಧಾರಾವಾಹಿ. ಸಂಜೆ ಚಿಕ್ಕಪ್ಪನ ಕ್ರಿಕೆಟ್. ಯಾರ ಲೆಕ್ಕದಲ್ಲಿ ಎಷ್ಟಾಯಿತು ಎಂದು ಕೂಡಿಸುವವರು ಯಾರು? ಅದಕ್ಕೆ ನನ್ನ ಸಲಹೆ ಬೇರೆ. ಎಷ್ಟು ಗಂಟೆ ಎಂದು ಕೇಳುವ ಮೊದಲು ಯಾವ ಹೊತ್ತು ಎಂದು ಕೇಳಿ. ದಿನದಲ್ಲಿ ಮೂರು ಹೊತ್ತನ್ನು ಆರಿಸಿಕೊಳ್ಳಿ. ಊಟದ ಹೊತ್ತು. ಸಂಜೆ ದೀಪ ಹಚ್ಚುವ ಹೊತ್ತು. ಮಲಗುವ ಹೊತ್ತು. ಈ ಮೂರು ಹೊತ್ತಿನಲ್ಲಿ ಮಗುವಿಗೂ ಮೊಬೈಲಿಲ್ಲ, ದೊಡ್ಡವರಿಗೂ ಇಲ್ಲ. ಟಿವಿಯೂ ಇಲ್ಲ. ಇಷ್ಟು ನಡೆದರೆ ಉಳಿದ ಗಂಟೆಗಳು ಅರ್ಧಕ್ಕರ್ಧ ತಾವೇ ಇಳಿಯುತ್ತವೆ.

ಊಟದಿಂದ ಶುರು ಮಾಡೋಣ. ನನ್ನ ಪ್ರಕಾರ ಇದೇ ಬೇರು.

ನಮ್ಮ ಬೀದಿಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೂರು ವರ್ಷದ ಹುಡುಗಿ ಚಾಪೆಯ ಮೇಲೆ ಕೂತಿದ್ದಾಳೆ. ಎದುರಿಗೆ ನೀರಿನ ಚೊಂಬು. ಚೊಂಬಿಗೆ ಒರಗಿಸಿ ಫೋನು ನಿಲ್ಲಿಸಿದ್ದಾರೆ. ಅದರಲ್ಲಿ ಕುಣಿಯುವ ಬೊಂಬೆಗಳ ಹಾಡು. ತಾಯಿ ಅನ್ನ ಸಾರು ಮಿದ್ದು, ತುತ್ತು ಮಾಡಿ, ಬಾಯಿಯ ಹತ್ತಿರ ತರುತ್ತಾಳೆ. ಮಗು ತಟ್ಟೆಯ ಕಡೆ ನೋಡುವುದಿಲ್ಲ. ತಾಯಿಯ ಕಡೆಗೂ ನೋಡುವುದಿಲ್ಲ. ತುಟಿಗೆ ಅನ್ನ ತಾಗಿದಾಗ ಬಾಯಿ ತೆರೆಯುತ್ತದೆ. ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ. 'ನುಂಗು ಪುಟ್ಟಿ, ನುಂಗು' ಎಂದು ಹೇಳಿದರೆ ಮಾತ್ರ ಇಳಿಯುತ್ತದೆ. ಅಷ್ಟರಲ್ಲಿ ಒಂದು ಜಾಹೀರಾತು ಬಂತು. ಬಾಯಿ ಗಟ್ಟಿಯಾಗಿ ಮುಚ್ಚಿತು. ಮಗು ತಾಯಿಯ ಎಂಜಲು ಕೈಯನ್ನು ಹಿಡಿದು ಫೋನಿನ ಕಡೆ ಎಳೆಯಿತು. ತಾಯಿ ಕಿರುಬೆರಳಿನ ಗೆಣ್ಣಿನಿಂದ ಜಾಹೀರಾತನ್ನು ಸರಿಸಿದಳು. ಬಾಯಿ ಮತ್ತೆ ತೆರೆಯಿತು. 'ಇದಿಲ್ದೆ ಒಂದು ತುತ್ತೂ ಇಳಿಯಲ್ಲ ಮೇಡಂ' ಎಂದಳು ಆಕೆ. ಅವಳ ದನಿಯಲ್ಲಿ ದಣಿವಿತ್ತು.

ಇಲ್ಲಿ ಏನಾಗುತ್ತಿದೆ ಯೋಚಿಸಿ. ಊಟವೆಂದರೆ ಹಸಿವು ತೀರಿಸಿಕೊಳ್ಳುವುದು ಮಾತ್ರವೇ? ಬಿಸಿ ಯಾವುದು, ಆರಿದ್ದು ಯಾವುದು, ಹುಳಿ ಯಾವುದು, ಖಾರ ಯಾವುದು ಎಂದು ಮಗು ನಾಲಗೆಯಿಂದ ಕಲಿಯುವ ಹೊತ್ತು ಅದು. ಬೆರಳುಗಳಿಂದ ಅನ್ನ ಕೂಡಿಸಲು ಕಲಿಯುವ ಹೊತ್ತು. ಮುಂದೆ ಪೆನ್ಸಿಲು ಹಿಡಿಯುವುದೂ ಅದೇ ಬೆರಳುಗಳು. ಎಲ್ಲಕ್ಕಿಂತ ಹೆಚ್ಚಾಗಿ, 'ಹೊಟ್ಟೆ ತುಂಬಿತು, ಸಾಕು' ಎಂದು ತನ್ನ ಹೊಟ್ಟೆಯ ಮಾತನ್ನು ಮಗು ಕೇಳಿಸಿಕೊಳ್ಳುವ ಹೊತ್ತು. ಕಣ್ಣು ಕಿವಿ ಎರಡೂ ಬೊಂಬೆಯ ಕಡೆ ಇದ್ದರೆ ಆ ಮಾತು ಕೇಳಿಸುವುದಿಲ್ಲ. ಒಂದು ಮಗು ಬೇಕಾದ್ದಕ್ಕಿಂತ ಹೆಚ್ಚು ತಿನ್ನುತ್ತದೆ. ಇನ್ನೊಂದು ಅಗಿಯದೆ ಬಾಯಲ್ಲೇ ಇಟ್ಟುಕೊಂಡು ಒಂದು ಗಂಟೆ ಕೂರುತ್ತದೆ.

ಬಿಡಿಸುವುದು ಹೇಗೆ? ಒಂದೇ ದಿನ ಎಲ್ಲ ಊಟಕ್ಕೂ ಬಿಡಿಸಲು ಹೋಗಬೇಡಿ. ಒಂದು ಊಟ ಆರಿಸಿಕೊಳ್ಳಿ. ರಾತ್ರಿಯ ಊಟ ಒಳ್ಳೆಯದು, ಎಲ್ಲರೂ ಮನೆಯಲ್ಲಿರುತ್ತಾರೆ. ಎಲ್ಲರ ಫೋನನ್ನೂ ಬೇರೆ ಕಡೆ ಇಡಿ. ಕಪಾಟಿನ ಮೇಲೋ, ಮಂಚದ ಮೇಲೋ. ಊಟಕ್ಕೆ ಕೂತವರ ಪಕ್ಕದಲ್ಲಿ ಮಗುಚಿ ಇಟ್ಟರೆ ಸಾಲದು, ಮಗುವಿಗೆ ಕಾಣಲೇಬಾರದು. ಮಗುವಿಗೆ ಅದರದ್ದೇ ಒಂದು ಚಿಕ್ಕ ತಟ್ಟೆ ಕೊಡಿ. ಎಲ್ಲರ ಜೊತೆಗೇ ಕೂರಿಸಿ. ಸ್ವಲ್ಪವೇ ಬಡಿಸಿ. ಅದರ ಕೈಯಿಂದಲೇ ತಿನ್ನಲು ಬಿಡಿ. ಚೆಲ್ಲುತ್ತದೆ, ಮೈಮೇಲೆ ಸಾರು ಸುರಿದುಕೊಳ್ಳುತ್ತದೆ. ಒರೆಸಿದರಾಯಿತು. ಅರ್ಧ ಗಂಟೆಯಲ್ಲಿ ಊಟ ಮುಗಿಯಲಿ. ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ, ಗದರಬೇಡಿ. ಆಮೇಲೆ ಬಿಸ್ಕತ್ತು, ಕುರುಕಲು ಕೊಟ್ಟು ಸಮಾಧಾನ ಮಾಡಬೇಡಿ.

ಎರಡು ಮೂರು ದಿನ ಮಗು ಕಡಿಮೆ ತಿನ್ನಬಹುದು. ಅಜ್ಜಿಯಂದಿರಿಗೆ ಇದು ಸಹಿಸಲಾಗದ ಮಾತು ಎಂದು ನನಗೆ ಗೊತ್ತು. ಆದರೆ ಆರೋಗ್ಯವಾಗಿರುವ ಮಗು ಎದುರಿಗೆ ಊಟವಿದ್ದರೆ ಉಪವಾಸ ಇರುವುದಿಲ್ಲ. ಮುಂದಿನ ಊಟಕ್ಕೆ ಹಸಿದು ಬರುತ್ತದೆ. ಮಗುವಿನ ತೂಕದ ಬಗ್ಗೆ ಮೊದಲೇ ಚಿಂತೆಯಿದ್ದರೆ ಅಂಗನವಾಡಿಯಲ್ಲಿ ತೂಕ ನೋಡಿಸಿ, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮಾತು ಕಲಿಯುವ ವಿಷಯವನ್ನು ಇಲ್ಲೇ ಮತ್ತೆ ಎತ್ತುತ್ತೇನೆ. ಊಟದ ಹೊತ್ತಿನಲ್ಲಿ ಟಿವಿ ಸುಮ್ಮನೆ ಓಡುತ್ತಿರುತ್ತದೆ, ಮಗು ನೋಡುವುದಿಲ್ಲವಲ್ಲ ಎನ್ನುತ್ತೀರಿ. ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2009ರಲ್ಲಿ ಹೊರಬಂತು. ಪುಟ್ಟ ಮಕ್ಕಳ ಅಂಗಿಗೆ ಧ್ವನಿ ದಾಖಲಿಸುವ ಚಿಕ್ಕ ಯಂತ್ರ ತೊಡಿಸಿ, ದಿನವಿಡೀ ಕಿವಿಗೆ ಬೀಳುವ ಮಾತು ಎಣಿಸಿದರು. ಟಿವಿ ಸದ್ದು ಕೇಳುವ ಪ್ರತಿ ಗಂಟೆಗೆ, ಮನೆಯ ದೊಡ್ಡವರ ಬಾಯಿಂದ ಮಗು ಕೇಳುವ ಪದಗಳಲ್ಲಿ 700ಕ್ಕೂ ಹೆಚ್ಚು ಇಳಿಕೆ ಕಂಡಿತು. ಟಿವಿ ಓಡುತ್ತಿದ್ದರೆ ಮಗು ನೋಡಲಿ ಬಿಡಲಿ, ನಾವು ಮಾತಾಡುವುದನ್ನು ನಿಲ್ಲಿಸುತ್ತೇವೆ. ಮಗುವಿಗೆ ಆಗುವ ನಷ್ಟ ಅದು.

ಊಟದ ಹೊತ್ತು ಆಯಿತು. ಒಂದು ಊಟದಿಂದ ಶುರು, ಎಲ್ಲರ ಫೋನೂ ದೂರ, ಮಗುವಿಗೆ ಅದರದ್ದೇ ತಟ್ಟೆ. ಇಷ್ಟು ನೆನಪಿರಲಿ. ಈಗ ಎರಡನೆಯದು, ಸಂಜೆಯ ಹೊತ್ತು.

ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಒಂದು ಹಳ್ಳಿಯಿದೆ. ಹೆಸರು ಮೋಹಿತ್ಯಾಂಚೆ ವಡಗಾಂವ್. ಸುಮಾರು 3,000 ಜನ. 2022ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಊರವರು ಸೇರಿ ಒಂದು ತೀರ್ಮಾನ ಮಾಡಿದರು. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈ ಸೇರಿದ ಫೋನು, ಶಾಲೆ ತೆರೆದ ಮೇಲೂ ಕೈಬಿಟ್ಟಿರಲಿಲ್ಲ. ಆದ್ದರಿಂದ ದಿನಾ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗಬೇಕು. ಆಗ ಊರಿನ ಎಲ್ಲ ಮನೆಗಳಲ್ಲೂ ಟಿವಿ, ಮೊಬೈಲು ಬಂದ್. ಎಂಟೂವರೆಗೆ ಮತ್ತೆ ಸೈರನ್. ನಡುವಿನ ಒಂದೂವರೆ ಗಂಟೆ ಮಕ್ಕಳಿಗೆ ಓದು, ದೊಡ್ಡವರಿಗೆ ಪರಸ್ಪರ ಮಾತುಕತೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಪಂಚಾಯಿತಿ ನೌಕರರು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದರು.

ಈ ಹಳ್ಳಿಯನ್ನು ನಾನು ಯಾಕೆ ನೆನೆಯುತ್ತೇನೆ ಗೊತ್ತೇ? ಸೈರನ್ನು ಮಕ್ಕಳಿಗಾಗಿ ಮಾತ್ರ ಕೂಗಲಿಲ್ಲ. ಟಿವಿ ಆರಿಸಬೇಕಾದವರು ದೊಡ್ಡವರು. 'ನೀನು ಓದು' ಎಂದು ಮಗನಿಗೆ ಹೇಳಿ ಅಪ್ಪ ಪಕ್ಕದಲ್ಲೇ ರೀಲ್ಸ್ ನೋಡುವ ಹಾಗಿಲ್ಲ. ನಮ್ಮ ಊರಲ್ಲಿ ಸೈರನ್ ಇಲ್ಲದಿರಬಹುದು. ಆದರೆ ದೀಪ ಹಚ್ಚುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇದೆ. ಮಸೀದಿಯಿಂದ ಬಾಂಗ್ ಕೇಳಿಸುತ್ತದೆ. ಕೆಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸುತ್ತದೆ. ನಿಮ್ಮ ಮನೆಗೆ ಯಾವುದು ಒಗ್ಗುತ್ತದೋ ಅದನ್ನೇ ಗುರುತು ಮಾಡಿಕೊಳ್ಳಿ. ಅಲ್ಲಿಂದ ಒಂದು ಗಂಟೆ.

ಆ ಒಂದು ಗಂಟೆ ಮಕ್ಕಳು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದೆ ಫೋನು ಕಿತ್ತುಕೊಂಡರೆ ಗೆಲ್ಲುವುದಿಲ್ಲ. ಖಾಲಿ ಬಿಟ್ಟ ಹೊತ್ತಿಗೆ ಫೋನೇ ಬಂದು ಕೂರುತ್ತದೆ.

ಅಡುಗೆಮನೆಗೆ ಕರೆಯಿರಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡುವ ಮನೆಗಳಲ್ಲಿ ನೆನೆಸಿದ ಕಾಳಿನ ಪಾತ್ರೆಯನ್ನು ಮಗುವಿನ ಮುಂದೆ ಇಡಿ. ನೀರಲ್ಲಿ ಉಬ್ಬಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಮೊದಲ ಕೆಲವು ಕಾಳು ಮಗುವಿನ ಕೈಯಿಂದ ಗೋಡೆಗೆ ಹಾರುತ್ತವೆ. ಆಮೇಲೆ ಹದ ಸಿಗುತ್ತದೆ. ನಾಲ್ಕು ವರ್ಷದ ಮಗು ಇದನ್ನು ಅರ್ಧ ಗಂಟೆ ಕದಲದೆ ಮಾಡುತ್ತದೆ. ಯಾವ ಬೊಂಬೆ ಹಾಡೂ ಇಲ್ಲದೆ ಕೂರುತ್ತದೆ. ಏಕೆಂದರೆ ಕೈಗೆ ಕೆಲಸವಿದೆ, ಕೆಲಸಕ್ಕೆ ಫಲ ಆ ಕ್ಷಣವೇ ಸಿಗುತ್ತದೆ, ಪಕ್ಕದಲ್ಲಿ ಮನುಷ್ಯರಿದ್ದಾರೆ. ಅವರೆ ಇಲ್ಲದ ಕಾಲಕ್ಕೆ ಬಟಾಣಿ ಬಿಡಿಸಲಿ, ಬೆಳ್ಳುಳ್ಳಿ ಸುಲಿಯಲಿ, ಕರಿಬೇವು ಬಿಡಿಸಲಿ. ರೊಟ್ಟಿ ತಟ್ಟುವವರು ಒಂದು ಹಿಡಿ ಹಿಟ್ಟು ಕೊಡಲಿ. ಗಂಡುಮಕ್ಕಳನ್ನೂ ಕೂರಿಸಿ. ಅಡುಗೆ ಕೆಲಸ ಮುಗಿಯಲಿ ಎಂದೇ ಅಲ್ಲವೇ ಮಗುವಿಗೆ ಫೋನು ಕೊಡುತ್ತಿದ್ದದ್ದು? ಈಗ ಕೆಲಸವೂ ಆಯಿತು, ಮಗುವೂ ಜೊತೆಗಿತ್ತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಚೌಕಾಬಾರ ಹೇಳಿಕೊಡಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ ಬರೆಯಿರಿ. ಅದರೊಳಗೆ ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕು ಕವಡೆ ಬೇಕು. ಕವಡೆ ಇಲ್ಲವೇ? ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಕಾಯಿಗೆ ಬಳೆಚೂರು, ಕಡ್ಡಿ, ಕಲ್ಲು, ಏನಾದರೂ ಆಗುತ್ತದೆ. ಎಷ್ಟು ಮನೆ ನಡೆದರೆ ಯಾರ ಕಾಯಿ ಹೊಡೆಯಬಹುದು ಎಂದು ಮಗು ಮನಸ್ಸಿನಲ್ಲೇ ಕೂಡಿ ಕಳೆಯುತ್ತದೆ. ಸೋಲುವುದನ್ನೂ ಕಲಿಯುತ್ತದೆ. ಈ ಆಟ ಬಲ್ಲವರು ಸಾಮಾನ್ಯವಾಗಿ ಮನೆಯ ಹಿರಿಯರೇ. ಅಜ್ಜಿಯಂದಿರೇ, ಇದು ನಿಮ್ಮ ಪಾಲಿನ ಕೆಲಸ.

ಪುಸ್ತಕ ಬೇಕೆಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ರಾಜ್ಯದಲ್ಲಿ ಇಂಥವು 5,000ಕ್ಕೂ ಹೆಚ್ಚು ಇವೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗುವಿನ ಹೆಸರಲ್ಲೇ ಸದಸ್ಯತ್ವ ಮಾಡಿಸಿ. ಪುಸ್ತಕ ತರುವ ಜವಾಬ್ದಾರಿ ಅದಕ್ಕೇ ಇರಲಿ. ಇನ್ನು ಕೇಳುವ ಸುಖವನ್ನು ಮರೆಯಬೇಡಿ. ಆಕಾಶವಾಣಿಯ 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಪಾಠಗಳನ್ನು ತರಗತಿಯಲ್ಲಿ ಹಾಕಿದ ಶಿಕ್ಷಕರಿಗೆ ಇದು ಗೊತ್ತು. ಕತೆಯಲ್ಲಿ ಹುಲಿ ಬಂತು ಎಂದರೆ ಪ್ರತಿ ಮಗುವೂ ತನ್ನದೇ ಒಂದು ಹುಲಿಯನ್ನು ಕಟ್ಟಿಕೊಳ್ಳುತ್ತದೆ. ವಿಡಿಯೊದಲ್ಲಿ ಎಲ್ಲರಿಗೂ ಒಂದೇ ಹುಲಿ.

ದೀಪ ಹಚ್ಚುವ ಮೊದಲಿನ ಹೊತ್ತು ಮಗು ಹೊರಗಿರಲಿ. ಇದು ಕಣ್ಣಿನ ವಿಷಯ, ಗಮನವಿಟ್ಟು ಕೇಳಿ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಲ್ಲಿ ಬಿಟ್ಟರು. ಉಳಿದ ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷದ ನಂತರ ನೋಡಿದರು. ಎಂದಿನಂತೆ ಇದ್ದ ಮಕ್ಕಳಲ್ಲಿ 100ಕ್ಕೆ ಸುಮಾರು 40 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಅಂದರೆ ದೂರದ್ದು ಮಂಜಾಗಿ ಕಾಣುವ ತೊಂದರೆ. ಹೊರಗೆ ಹೆಚ್ಚು ಹೊತ್ತು ಇದ್ದ ಮಕ್ಕಳಲ್ಲಿ ಅದು 100ಕ್ಕೆ 30. ಮನೆಯೊಳಗಿನ ಬೆಳಕಿಗಿಂತ ಬಯಲಿನ ಹಗಲ ಬೆಳಕು ಹತ್ತಾರು ಪಟ್ಟು ಹೆಚ್ಚು. ಆ ಬೆಳಕು ಬೆಳೆಯುವ ಕಣ್ಣಿಗೆ ಬೇಕು. ಕಪ್ಪುಹಲಗೆಯ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡಿ ನೋಡುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಈ 40 ನಿಮಿಷ ನೆನಪಾಗುತ್ತದೆ. ಲಗೋರಿಯೋ, ಕುಂಟೆಬಿಲ್ಲೆಯೋ, ಸುಮ್ಮನೆ ಓಡುವುದೋ. ಅಪಾರ್ಟ್‌ಮೆಂಟಿನಲ್ಲಿರುವವರು ತಾರಸಿಗಾದರೂ ಜೊತೆಯಲ್ಲಿ ಹೋಗಿ.

ಎರಡು ಹೊತ್ತು ಆಯಿತು. ಊಟದಲ್ಲಿ ಎಲ್ಲರ ಫೋನೂ ದೂರ. ಸಂಜೆ ಒಂದು ಗಂಟೆ ಮನೆಯ ಕೆಲಸ, ಆಟ, ಕತೆ. ಮೂರನೆಯದು ಮಲಗುವ ಹೊತ್ತು. ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಮಲಗುವ ಒಂದು ಗಂಟೆ ಮೊದಲು ಫೋನು, ಟಿವಿ ಆರಿಸಿ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ದ್ರವ್ಯ ಹೆಚ್ಚಾಗಿ ನಿದ್ದೆ ಬರುತ್ತದೆ. ಕಣ್ಣಿಗೆ ಬೀಳುವ ಬೆಳಕು ಅದನ್ನು ತಡೆಯುತ್ತದೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ಕಣ್ಣೊಳಗೆ ಹೆಚ್ಚು ಬೆಳಕು ಹೋಗುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ವಿಡಿಯೊ ನೋಡಿದ ಮಗು ಮರುದಿನ ಪ್ರಾರ್ಥನೆಯ ಸಾಲಿನಲ್ಲೇ ತೂಕಡಿಸುತ್ತದೆ. ಪೋಷಕರು ಹೇಳಬೇಕಾಗಿಲ್ಲ, ನಮಗೆ ಗೊತ್ತಾಗುತ್ತದೆ. ಎಲ್ಲರ ಫೋನನ್ನೂ ನಡುಮನೆಯಲ್ಲಿ ಅಥವಾ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಾಂಗೆ ಫೋನು ಬೇಕು ಎನ್ನುವವರು ಒಂದು ಅಲಾರಾಂ ಗಡಿಯಾರ ತನ್ನಿ.

ಈಗ ಕಷ್ಟದ ಮಾತಿಗೆ ಬರೋಣ. ಮೂರು ಹೊತ್ತಿನ ನಿಯಮ ಹಾಕಿದರೆ ಮಗು ಅಳುತ್ತದೆ. ನೆಲದಲ್ಲಿ ಹೊರಳಾಡುತ್ತದೆ. ಕೆಲವು ಮಕ್ಕಳು ಹೊಡೆಯುತ್ತವೆ. ಆಗ ಏನು ಮಾಡಬೇಕು?

ಒಂದು ವಿಷಯ ತಿಳಿದಿದ್ದರೆ ನಿಮಗೆ ಧೈರ್ಯ ಬರುತ್ತದೆ. ಅಳು ಮೊದಲು ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಇಲ್ಲಿಯವರೆಗೆ ಒಂದು ಕೂಗಿಗೆ ಫೋನು ಸಿಗುತ್ತಿತ್ತು. ಈಗ ಸಿಗಲಿಲ್ಲ. ಹಾಗಾದರೆ ಇನ್ನೂ ಜೋರಾಗಿ ಕೂಗಬೇಕೇನೋ ಎಂದು ಮಗು ಪ್ರಯತ್ನಿಸುತ್ತದೆ. ಎರಡನೇ, ಮೂರನೇ ದಿನವೇ ಹೆಚ್ಚು ಕಷ್ಟ. ಆ ದಿನ ಯಾರಾದರೂ ಕರಗಿ, 'ಪಾಪ, ಕೊಡಮ್ಮ, ಐದು ನಿಮಿಷ ನೋಡ್ಲಿ' ಎಂದು ಕೊಟ್ಟರೆ, ಜೋರಾಗಿ ಅತ್ತರೆ ಸಿಗುತ್ತದೆ ಎಂಬ ಪಾಠ ಗಟ್ಟಿಯಾಗುತ್ತದೆ. ಮುಂದಿನ ಬಾರಿ ಬಿಡಿಸುವುದು ಇನ್ನೂ ಕಷ್ಟ. ಆದ್ದರಿಂದ ಶುರು ಮಾಡುವ ಮೊದಲು ಮನೆಯ ದೊಡ್ಡವರೆಲ್ಲ ಕೂತು ಒಂದು ಮಾತಿಗೆ ಬನ್ನಿ. ಹಬ್ಬ, ನೆಂಟರು, ಜ್ವರ ಇಲ್ಲದ ವಾರ ನೋಡಿ ಶುರು ಮಾಡಿ.

ಅಳುವ ಮಗುವನ್ನು ಹೊಡೆಯಬೇಡಿ. ಅಣಕಿಸಬೇಡಿ. ಹತ್ತಿರವೇ ಕೂತಿರಿ. 'ನಿನಗೆ ಬೇಜಾರಾಗಿದೆ, ಗೊತ್ತು ಕಂದ. ಊಟ ಆದ್ಮೇಲೆ ನಾವಿಬ್ರೂ ನಾಯಿಮರಿ ನೋಡೋಕೆ ಹೋಗೋಣ' ಎನ್ನಿ. ಹೇಳಿದ ಮೇಲೆ ಕರೆದುಕೊಂಡು ಹೋಗಲೇಬೇಕು.

ನೋಡಲು ಬಿಟ್ಟ ಹೊತ್ತಿನಲ್ಲೂ ನಿಲ್ಲಿಸುವ ಕ್ರಮವೊಂದಿದೆ. ಪುಟ್ಟ ಮಗುವಿಗೆ 'ಐದು ನಿಮಿಷ' ಎಂದರೆ ಅರ್ಥವಾಗುವುದಿಲ್ಲ. 'ಈ ಹಾಡು, ಇನ್ನೊಂದು ಹಾಡು, ಆಮೇಲೆ ಸಾಕು' ಎಂದರೆ ಅರ್ಥವಾಗುತ್ತದೆ. ಆದರೆ ಹಾಡು ಮುಗಿಯುವ ಮೊದಲೇ ಮುಂದಿನದು ಬಂದು ನಿಲ್ಲುವ ಹಾಗೆ ವಿಡಿಯೊ ಆ್ಯಪ್‌ಗಳನ್ನು ಕಟ್ಟಿದ್ದಾರೆ. ನೋಡುವವರು ಏಳಬಾರದು ಎಂಬುದೇ ಅವರ ವ್ಯಾಪಾರ. ದೊಡ್ಡವರಾದ ನಮಗೇ ನಿಲ್ಲಿಸಲಾಗದ್ದನ್ನು ಮೂರು ವರ್ಷದ ಮಗು ತಾನಾಗಿ ನಿಲ್ಲಿಸಲಿ ಎಂದು ಬಯಸುವುದು ಸರಿಯಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಎಂಬುದನ್ನು ಆರಿಸಿ. ಹಾಡು ಮುಗಿದಾಗ ಪರದೆ ನಿಲ್ಲುತ್ತದೆ. ಆಗ ನೀವು ಕಿತ್ತುಕೊಳ್ಳಬೇಡಿ. ಮಗುವೇ ಆರಿಸಿ ನಿಮ್ಮ ಕೈಗೆ ಕೊಡಲಿ. ರೀಲ್ಸ್, ಶಾರ್ಟ್ಸ್ ಪುಟ್ಟ ಮಕ್ಕಳಿಗೆ ಬೇಡವೇ ಬೇಡ. ಅವಕ್ಕೆ ಮುಗಿಯುವ ಜಾಗವೇ ಇಲ್ಲ.

ಇಲ್ಲಿಯವರೆಗೆ ಚಿಕ್ಕ ಮಕ್ಕಳ ಮಾತಾಯಿತು. ಮೂರು ಹೊತ್ತು, ಆ ಹೊತ್ತಿಗೆ ಬೇರೆ ಕೆಲಸ, ಅಳುವಿಗೆ ಬಗ್ಗದ ಪ್ರೀತಿ. ಇನ್ನು ಹತ್ತು ದಾಟಿದ ಮಕ್ಕಳು.

ಅವರ ಜೊತೆ ಆಜ್ಞೆ ನಡೆಯುವುದಿಲ್ಲ. ಒಪ್ಪಂದ ನಡೆಯುತ್ತದೆ. ಯಾವ ಹೊತ್ತು, ಎಷ್ಟು ಹೊತ್ತು ಎಂದು ಅವರನ್ನೂ ಕೂರಿಸಿಕೊಂಡು ತೀರ್ಮಾನಿಸಿ. ನಿಮಗೂ ಅದೇ ನಿಯಮ ಇರಲಿ. ಅವರು ಏನು ಆಡುತ್ತಾರೆ, ಯಾರ ಜೊತೆ ಆಡುತ್ತಾರೆ ಎಂದು ಪಕ್ಕದಲ್ಲಿ ಕೂತು ಕೇಳಿ. ಬೈಯುವ ಮುಖವಿಲ್ಲದೆ ಕೇಳಿದರೆ ಹೇಳುತ್ತಾರೆ. ಹೋಂವರ್ಕಿನ ಸಮಸ್ಯೆಯೊಂದಿದೆ. ವಾಟ್ಸಾಪ್ ಗುಂಪಿನಲ್ಲಿ ಹೋಂವರ್ಕ್ ಬರುತ್ತದೆ, ಅದಕ್ಕೆಂದು ಫೋನು ತೆಗೆದವನು ಒಂದು ಗಂಟೆ ಕೆಳಗಿಡುವುದಿಲ್ಲ. ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲಿ ವಿನಂತಿ. ಹೋಂವರ್ಕನ್ನು ತರಗತಿಯಲ್ಲೇ ಡೈರಿಯಲ್ಲಿ ಬರೆಸೋಣ. 2020ರಲ್ಲಿ ಶಾಲೆ ಮುಚ್ಚಿದ್ದಾಗಲೂ ವಿದ್ಯಾಗಮ ಕಾರ್ಯಕ್ರಮದಲ್ಲಿ ನಾವು ಅರಳಿಕಟ್ಟೆಯ ಮೇಲೆ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದೇವೆ. ಡೈರಿ ಬರೆಸುವುದು ನಮಗೆ ಕಷ್ಟವಲ್ಲ. ಪೋಷಕರೇ, ನಿಮ್ಮ ಶಾಲೆಯ ಸಭೆಯಲ್ಲಿ ಈ ಮಾತನ್ನು ಎತ್ತಿ.

ಕೆಲವು ಮಕ್ಕಳಿಗೆ ಮನೆಯ ಪ್ರಯತ್ನ ಸಾಲುವುದಿಲ್ಲ. ಶಾಲೆಗೆ ಹೋಗಲೊಲ್ಲ. ಗೆಳೆಯರನ್ನು ಬಿಟ್ಟಿದ್ದಾನೆ. ರಾತ್ರಿ ಎಲ್ಲ ಎದ್ದಿರುತ್ತಾನೆ. ಫೋನು ವಾಪಸ್ ಕೇಳಿದರೆ ವಸ್ತು ಒಡೆಯುತ್ತಾನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡುತ್ತಾನೆ. ಅಂಥ ಮಗುವಿನ ಜೊತೆ ಮನೆಯಲ್ಲಿ ಹೋರಾಡುತ್ತಾ ಕೂರಬೇಡಿ. ನಾಚಿಕೆ ಪಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶಟ್ ಕ್ಲಿನಿಕ್ ಎಂಬ ಪ್ರತ್ಯೇಕ ವಿಭಾಗವಿದೆ. 2014ರಿಂದ ಅದು ಮೊಬೈಲು, ಗೇಮು, ಇಂಟರ್ನೆಟ್‌ಗಳ ಅತಿ ಬಳಕೆಗೆಂದೇ ಸಲಹೆ, ಚಿಕಿತ್ಸೆ ಕೊಡುತ್ತಿದೆ. ಬೆಂಗಳೂರಿಗೆ ಬರಲಾಗದವರು ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೇವೆ ಅದು. ಹಗಲು ರಾತ್ರಿ ಯಾವ ಹೊತ್ತಿಗೂ ಸಿಗುತ್ತದೆ. ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಬಹುದು. ತಂದೆತಾಯಿಯೂ ಮಾಡಬಹುದು, ಮಕ್ಕಳೂ ಮಾಡಬಹುದು.

ಸಂಖ್ಯೆಯನ್ನು ನಿಧಾನವಾಗಿ ಹೇಳುತ್ತೇನೆ, ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಮತ್ತೊಮ್ಮೆ, 14416.